ನೆರೆಮನೆಯ ಕೆಂಡ

ಬೆಂಕಿಪೆಟ್ಟಿಗೆಯು ಮನೆಮನೆಗೂ ಸುಲಭವಾಗಿ ದೊರೆಯದಿದ್ದ ಕಾಲದಲ್ಲಿ ಕರಾವಳಿಯ ಹಳ್ಳಿಗಳಲ್ಲಿ ಒಂದು ವಾಡಿಕೆಯಿತ್ತು. ಯಾರ ಮನೆಯ ಒಲೆ ರಾತ್ರಿ ಪೂರ್ತಿ ಆರಿಹೋಯಿತೋ ಆ ಮನೆಯವರು ಬೆಳಗಾಗುತ್ತಲೇ ತೆಂಗಿನ ಗೆರಟೆಯೊಂದನ್ನು ಹಿಡಿದು ನೆರೆಮನೆಗೆ ಹೋಗುತ್ತಿದ್ದರು. ಅಲ್ಲಿಂದ ತಂದ ಒಂದೆರಡು ಕೆಂಡಗಳ ಮೇಲೆ ಒಣಗಿದ ತೆಂಗಿನ ನಾರನ್ನಿಟ್ಟು ಊದಿದರೆ ತಮ್ಮ ಒಲೆಯೂ ಹೊತ್ತಿಕೊಳ್ಳುತ್ತಿತ್ತು. ಕೊಟ್ಟವರಿಗೆ ನಷ್ಟವಿರಲಿಲ್ಲ, ಪಡೆದವರಿಗೆ ಅಂದಿನ ಅಡುಗೆ ನಡೆಯುತ್ತಿತ್ತು. ಆದರೆ ಮುಳಿಹುಲ್ಲಿನ ಮಾಡಿನ ಕೆಳಗೆ ಕೆಂಡವನ್ನು ಹೊತ್ತು ತರುವವರು ಎಚ್ಚರ ತಪ್ಪಿದರೆ ಎರಡು ಮನೆಗಳೂ ಬೂದಿಯಾಗುವ ಭಯವಿತ್ತು.

ಇಂದು ಬಹಳ ಮನೆಗಳ ಅಂಗಳದಲ್ಲಿ ಕಾರು ನಿಂತಿದೆ. ಅದರ ಬ್ಯಾಟರಿ ಬರಿದಾಗಿ ಎಂಜಿನ್ನು ಚಾಲೂ ಆಗದೆ ಹೋದಾಗ, ನೆರೆಯವರ ಕಾರಿನ ಬ್ಯಾಟರಿಯಿಂದ ಎರಡು ದಪ್ಪ ತಂತಿಗಳ ಮೂಲಕ ಸ್ವಲ್ಪ ಹೊತ್ತು ವಿದ್ಯುತ್ತನ್ನು ಎರವಲು ಪಡೆಯುವುದುಂಟು. ಚಾಲಕರು ಇದನ್ನು ‘ಜಂಪ್ ಸ್ಟಾರ್ಟ್’ ಎನ್ನುತ್ತಾರೆ. ಕೆಂಡ ತರುವ ಕೆಲಸದಂತೆಯೇ ಇದು ಸುಲಭವಾದದ್ದು, ಅದರಂತೆಯೇ ಅಪಾಯವುಳ್ಳದ್ದು. ತಂತಿಗಳನ್ನು ಎಲ್ಲಿ, ಯಾವ ಅನುಕ್ರಮದಲ್ಲಿ ಜೋಡಿಸಬೇಕೆಂಬುದಕ್ಕೆ ಒಂದು ಕಟ್ಟಳೆಯಿದೆ. ಆ ಕಟ್ಟಳೆಯನ್ನು ಬರಿದೇ ಬಾಯಿಪಾಠ ಮಾಡಿದವರು ಅವಸರದಲ್ಲಿ ಅದನ್ನು ಮರೆಯುತ್ತಾರೆ. ಅದರ ಕಾರಣವನ್ನು ತಿಳಿದವರು ಮರೆತರೂ ತಾವೇ ಅದನ್ನು ಮತ್ತೆ ಕಂಡುಕೊಳ್ಳಬಲ್ಲರು.

ಆದಿ ಉಡುಪಿಯು ಉಡುಪಿ ನಗರದ ಪಡುವಣ ಭಾಗ. ಮಲ್ಪೆಯ ಬಂದರಿನಿಂದ ಹೊರಟು ಉಡುಪಿ, ಮಣಿಪಾಲ, ಹೆಬ್ರಿಗಳನ್ನು ದಾಟಿ ಆಗುಂಬೆಯ ಘಾಟಿಯನ್ನೇರುವ ರಸ್ತೆ ಈ ಊರನ್ನು ಹಾದುಹೋಗುತ್ತದೆ. ಸಮೀಪದ ಕರಾವಳಿ ಜಂಕ್ಷನ್ನಿನಲ್ಲಿ ರಾಷ್ಟ್ರೀಯ ಹೆದ್ದಾರಿ ೬೬ ಅದನ್ನು ಅಡ್ಡಹಾಯುತ್ತದೆ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳಲ್ಲೇ ಬೀಳುತ್ತದೆ. ಆ ದಿನಗಳಲ್ಲಿ ಮನೆಯಿಂದ ಉಡುಪಿಯ ಪೇಟೆಗೆ ಹೋಗಿಬರುವ ಹತ್ತು ನಿಮಿಷದ ಪಯಣದಲ್ಲಿಯೂ ಗಾಜು ಒರೆಸುವ ವೈಪರು, ಮುಂದಿನ ದೀಪಗಳು, ಗಾಜಿನ ಮಂಜನ್ನು ಕಳೆಯುವ ಗಾಳಿಯಂತ್ರ ಎಲ್ಲವೂ ಓಡುತ್ತಿರಬೇಕು. ಬ್ಯಾಟರಿಯಿಂದ ಹೋದ ವಿದ್ಯುತ್ತು ಹಿಂದಿರುಗಿ ತುಂಬುವ ಮೊದಲೇ ಕಾರು ಮನೆ ಸೇರುತ್ತದೆ. ಸಾಲದುದಕ್ಕೆ ಕಡಲಿನ ಉಪ್ಪುಗಾಳಿಯು ಲೋಹದ ಕೊಂಡಿಗಳನ್ನು ತಿನ್ನುತ್ತದೆ.

ಇನ್ನು ಕೆಲವು ಕಾರುಗಳು ಓಡುವುದೇ ಇಲ್ಲ. ಈ ಸೀಮೆಯ ಅನೇಕ ಕುಟುಂಬಗಳ ದುಡಿಯುವ ಮಕ್ಕಳು ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಇದ್ದಾರೆ. ಮನೆಯಲ್ಲಿ ಕಾರಿದ್ದರೂ ಅವರು ರಜೆಯಲ್ಲಿ ಬಂದಾಗಲೇ ಅದು ಹೊರಡುವುದು. ನಿಂತ ಕಾರು ಸುಮ್ಮನಿರುವುದೆಂದು ತಿಳಿಯುವುದು ತಪ್ಪು. ಅದರ ಗಡಿಯಾರ, ಕಳ್ಳರ ಎಚ್ಚರಿಕೆಯ ಗಂಟೆ, ಒಳಗಿನ ಪುಟ್ಟ ಗಣಕಗಳು ಸದಾ ಅಷ್ಟಿಷ್ಟು ವಿದ್ಯುತ್ತನ್ನು ಹೀರುತ್ತಿರುತ್ತವೆ. ಅದು ೩೦ ಮಿಲಿ ಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ ೦.೭೨ ಆಂಪಿಯರ್-ಗಂಟೆಯಾಯಿತು, ಅರುವತ್ತು ದಿನಗಳಿಗೆ ೪೩ ಆಂಪಿಯರ್-ಗಂಟೆ. ಸಣ್ಣ ಕಾರೊಂದರ ಬ್ಯಾಟರಿಯ ಪೂರ್ಣ ಸಾಮರ್ಥ್ಯವೇ ೩೫ರಿಂದ ೪೫ ಆಂಪಿಯರ್-ಗಂಟೆಗಳಷ್ಟು. ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈ ತಿಂಗಳುಗಳಲ್ಲಿ ಮಲ್ಪೆಯ ಯಾಂತ್ರಿಕ ದೋಣಿಗಳು ದಡ ಸೇರಿ ವಿರಮಿಸುವಷ್ಟು ಕಾಲ ಕಾರೂ ಮಾಡಿನ ಕೆಳಗೆ ನಿಂತಿದ್ದರೆ ಅದರ ಬ್ಯಾಟರಿ ಬರಿದಾಗುವುದರಲ್ಲಿ ಆಶ್ಚರ್ಯವೇನು?

ಬ್ಯಾಟರಿ ಬರಿದಾಗುವುದೆಂದರೆ ಏನು ಎಂಬುದನ್ನು ಇಲ್ಲಿ ತಿಳಿಯಬೇಕು. ೧೮೫೯ರಲ್ಲಿ ಫ್ರಾನ್ಸಿನ ವಿಜ್ಞಾನಿ ಗಾಸ್ತೋಂ ಪ್ಲಾಂತೆ ಎಂಬಾತನು ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ತುಂಬಬಹುದಾದ ಮೊದಲ ವಿದ್ಯುತ್ಕೋಶವನ್ನು ರಚಿಸಿದನು. ಇಂದಿನ ಸಾಮಾನ್ಯ ಕಾರಿನ ಬ್ಯಾಟರಿಯೂ ಅದೇ ವಂಶದ್ದು. ಅದರೊಳಗೆ ಆರು ಕೋಣೆಗಳಿವೆ. ಪ್ರತಿಯೊಂದು ಕೋಣೆಯಲ್ಲಿಯೂ ಸೀಸದ ಫಲಕಗಳೂ ಸೀಸದ ಡೈಆಕ್ಸೈಡ್ ಲೇಪಿಸಿದ ಫಲಕಗಳೂ ನೀರು ಬೆರೆತ ಗಂಧಕಾಮ್ಲದಲ್ಲಿ ನಿಂತಿರುತ್ತವೆ. ಒಂದೊಂದು ಕೋಣೆಯೂ ಸುಮಾರು ೨.೧ ವೋಲ್ಟ್ ನೀಡುತ್ತದೆ. ಆರೂ ಸೇರಿ ಸುಮಾರು ೧೨.೬ ವೋಲ್ಟ್. ವಿದ್ಯುತ್ತು ಹೊರಗೆ ಹರಿದಂತೆಲ್ಲ ಎರಡು ಬಗೆಯ ಫಲಕಗಳ ಮೇಲೂ ಸೀಸದ ಸಲ್ಫೇಟು ಕೂಡುತ್ತದೆ, ಆಮ್ಲವು ತೆಳುವಾಗಿ ನೀರಿನತ್ತ ಸಾಗುತ್ತದೆ. ಎಂಜಿನ್ನು ಓಡುವಾಗ ಅದರೊಡನೆ ತಿರುಗುವ ಆಲ್ಟರ್ನೇಟರ್ ಎಂಬ ಜನಕಯಂತ್ರವು ೧೪ ವೋಲ್ಟಿನ ಆಸುಪಾಸಿನ ಒತ್ತಡದಿಂದ ವಿದ್ಯುತ್ತನ್ನು ಒಳಕ್ಕೆ ತಳ್ಳಿ ಈ ಮಾರ್ಪಾಟನ್ನು ಹಿಮ್ಮೊಗಮಾಡುತ್ತದೆ. ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಮಾತ್ರ ಸಲ್ಫೇಟಿನ ಹರಳುಗಳು ಗಟ್ಟಿಯಾಗಿ, ಮರಳಿ ಕರಗಲೊಲ್ಲವು. ಅಂಥ ಬ್ಯಾಟರಿಗೆ ಎರವಲು ವಿದ್ಯುತ್ತಿನಿಂದ ಹೆಚ್ಚು ಪ್ರಯೋಜನವಿಲ್ಲ.

ಹೀಗೆ ತುಂಬುವ ಕ್ರಿಯೆಯಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ಆಮ್ಲದೊಳಗಿನ ನೀರು ಸ್ವಲ್ಪಸ್ವಲ್ಪವಾಗಿ ವಿಭಜನೆಗೊಂಡು ಜಲಜನಕವೂ ಆಮ್ಲಜನಕವೂ ಹೊರಬೀಳುತ್ತವೆ. ಜಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ ೪ರಷ್ಟಾದರೂ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಬ್ಯಾಟರಿಯ ಬಳಿ ಈ ಅನಿಲ ಸೇರಿರುವಾಗ ಕಿಡಿ ಹಾರಿದರೆ ಅದರ ಪೆಟ್ಟಿಗೆಯು ಸಿಡಿದು ಆಮ್ಲವು ಬಾಗಿ ನೋಡುತ್ತಿರುವವನ ಮುಖಕ್ಕೆ ಚಿಮ್ಮುತ್ತದೆ. ಕಣ್ಣು ಹೋಗುವ ಸಂಭವವುಂಟು. ಮುಂದೆ ಹೇಳಲಿರುವ ಕಟ್ಟಳೆಯ ಬಹುಭಾಗ ಈ ಒಂದು ಕಿಡಿಯನ್ನು ಬ್ಯಾಟರಿಯಿಂದ ದೂರವಿರಿಸಲೆಂದೇ ಹುಟ್ಟಿದ್ದು.

ಬ್ಯಾಟರಿಯಿಂದ ಎಂಜಿನ್ನನ್ನು ಎಬ್ಬಿಸುವ ಏರ್ಪಾಡು ಬರುವ ಮೊದಲು ಜನರು ತೋಳ್ಬಲವನ್ನೇ ನಂಬಿದ್ದರು. ಕಾರಿನ ಮುಂಭಾಗದ ರಂಧ್ರಕ್ಕೆ ಕಬ್ಬಿಣದ ಹಿಡಿಕೆಯನ್ನು ತೂರಿಸಿ ಜೋರಾಗಿ ತಿರುಗಿಸಬೇಕಾಗಿತ್ತು. ಎಂಜಿನ್ನು ಒಮ್ಮೊಮ್ಮೆ ಹಿಮ್ಮುಖವಾಗಿ ಒದ್ದಾಗ ಹಿಡಿಕೆಯು ಮಣಿಕಟ್ಟನ್ನು ಮುರಿಯುತ್ತಿತ್ತು. ಹೆಬ್ಬೆರಳನ್ನು ಹಿಡಿಕೆಯ ಸುತ್ತ ಬಳಸದೆ ಉಳಿದ ಬೆರಳುಗಳ ಜೊತೆಗೇ ಇಡಬೇಕೆಂದು ಹಳೆಯ ಚಾಲಕರು ಕಿರಿಯರಿಗೆ ಕಲಿಸುತ್ತಿದ್ದುದು ಇದಕ್ಕಾಗಿ. ೧೯೧೨ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದಮೇಲೆ ಈ ಕಷ್ಟ ಕ್ರಮೇಣ ತಪ್ಪಿತು. ನಮ್ಮ ದೇಶದಲ್ಲಿ ೨೦೧೪ರವರೆಗೆ ತಯಾರಾದ ಅಂಬಾಸಡರ್ ಕಾರಿನ ಹಳೆಯ ಮಾದರಿಗಳಲ್ಲಿ ಸ್ಟಾರ್ಟರಿನ ಜೊತೆಗೆ ಹಿಡಿಕೆಯೂ ಇರುತ್ತಿತ್ತು. ಬ್ಯಾಟರಿ ಕೈಕೊಟ್ಟರೆ ಡಿಕ್ಕಿಯಿಂದ ಹಿಡಿಕೆ ಹೊರಬರುತ್ತಿತ್ತು. ಇಂದಿನ ಕಾರುಗಳಿಗೆ ಆ ರಂಧ್ರವಿಲ್ಲ. “ತಳ್ಳಿ ನೋಡುವಾ” ಎಂದು ನೆರೆಯವರು ಸೇರುವುದುಂಟು; ಕೈಯಿಂದ ಗೇರು ಬದಲಿಸುವ ಕಾರುಗಳಲ್ಲಿ ಅದು ಫಲಿಸಲೂಬಹುದು. ಸ್ವಯಂಚಾಲಿತ ಗೇರಿನ ಕಾರನ್ನು ಎಷ್ಟು ತಳ್ಳಿದರೂ ಬೆವರು ಬರುವುದೇ ಹೊರತು ಎಂಜಿನ್ನು ಏಳದು.

ಕೆಲಸಕ್ಕೆ ತೊಡಗುವ ಮೊದಲು ದೋಷವಿರುವುದು ಬ್ಯಾಟರಿಯಲ್ಲಿಯೇ ಎಂದು ಖಚಿತಪಡಿಸಿಕೊಳ್ಳಬೇಕು. ಕೀಲಿಯನ್ನು ತಿರುಗಿಸಿದಾಗ ಟಕಟಕ ಸದ್ದು ಮಾತ್ರ ಕೇಳಿ, ಒಳಗಿನ ದೀಪಗಳು ಮಂಕಾದರೆ ಬ್ಯಾಟರಿಯನ್ನು ಶಂಕಿಸಬಹುದು. ದೀಪಗಳು ಪ್ರಕಾಶಮಾನವಾಗಿಯೇ ಇದ್ದರೆ ದೋಷ ಸ್ಟಾರ್ಟರಿನಲ್ಲಿಯೋ ಬೇರೆಲ್ಲಿಯೋ ಇರುತ್ತದೆ. ಕರಾವಳಿಯಲ್ಲಿ ಮೂರನೆಯದೊಂದು ಸಾಧ್ಯತೆ ಬಹಳ ಸಾಮಾನ್ಯ. ಬ್ಯಾಟರಿಯ ಕೊಂಡಿಗಳ ಸುತ್ತ ಬಿಳಿಯ ಅಥವಾ ಹಸಿರುಬಣ್ಣದ ಪುಡಿ ಕಟ್ಟಿಕೊಂಡು, ವಿದ್ಯುತ್ತು ಇದ್ದರೂ ಹೊರಗೆ ಹರಿಯದಂತಾಗಿರುತ್ತದೆ. ಋಣಧ್ರುವದ ಕೊಂಡಿಯನ್ನು ಮೊದಲು ಬಿಚ್ಚಿ, ಅಡುಗೆ ಸೋಡವನ್ನು ಬೆರೆಸಿದ ನೀರಿನಿಂದ ಆ ಪುಡಿಯನ್ನು ತೊಳೆದು, ಒರೆಸಿ, ಬಿಗಿದರೆ ಎಷ್ಟೋ ಬಾರಿ ನೆರೆಯವರನ್ನು ಕರೆಯುವ ಅಗತ್ಯವೇ ಬೀಳುವುದಿಲ್ಲ. ಪೆಟ್ಟಿಗೆಯು ಬಿರುಕುಬಿಟ್ಟು ಆಮ್ಲ ಸೋರುತ್ತಿದ್ದರೆ, ಇಲ್ಲವೆ ಉಬ್ಬಿಕೊಂಡಿದ್ದರೆ, ಅದಕ್ಕೆ ತಂತಿ ತೊಡಿಸುವ ಯೋಚನೆಯನ್ನೇ ಬಿಡಬೇಕು.

ನೆರವು ನೀಡುವ ವಾಹನದ ಆಯ್ಕೆಯಲ್ಲಿಯೂ ವಿವೇಕ ಬೇಕು. ಮಲ್ಪೆಯಿಂದ ಮೀನು ತುಂಬಿ ಬರುವ ಲಾರಿಗಳು ಆದಿ ಉಡುಪಿಯ ರಸ್ತೆಯಲ್ಲಿ ಸಂಚರಿಸುತ್ತಲೇ ಇರುತ್ತವೆ. ಲಾರಿಯ ಚಾಲಕನು ಉದಾರಿಯಾಗಿ ನಿಲ್ಲಿಸಿ, “ನನ್ನದರಿಂದ ಕೊಡುತ್ತೇನೆ” ಎನ್ನಬಹುದು. ಆದರೆ ದೊಡ್ಡ ಲಾರಿಗಳಲ್ಲಿಯೂ ಬಸ್ಸುಗಳಲ್ಲಿಯೂ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ ೨೪ ವೋಲ್ಟ್ ಪಡೆದಿರುತ್ತಾರೆ. ಅದನ್ನು ೧೨ ವೋಲ್ಟಿನ ಕಾರಿಗೆ ಜೋಡಿಸಿದರೆ ಕಾರಿನ ಗಣಕಗಳು ಸುಟ್ಟುಹೋಗುತ್ತವೆ, ಬ್ಯಾಟರಿ ಕುದಿಯುತ್ತದೆ. ಆ ಉಪಕಾರವನ್ನು ವಂದಿಸಿ ನಿರಾಕರಿಸುವುದೇ ಲೇಸು. ನೆರವು ನೀಡುವುದೂ ೧೨ ವೋಲ್ಟಿನ ಕಾರೇ ಆಗಿರಬೇಕು.

ತಂತಿಯ ವಿಷಯದಲ್ಲಿ ಶಾಲೆಯ ಮಕ್ಕಳೂ ಬಲ್ಲ ಓಮನ ನಿಯಮವೇ ದಾರಿ ತೋರುತ್ತದೆ. ಎಂಜಿನ್ನನ್ನು ತಿರುಗಿಸುವಾಗ ಸ್ಟಾರ್ಟರ್ ೧೫೦ ಆಂಪಿಯರಿನಷ್ಟು ಪ್ರವಾಹವನ್ನು ಸೆಳೆಯುತ್ತದೆಂದು ಭಾವಿಸೋಣ. ಮನೆಯ ಪ್ಲಗ್ಗುಗಳಿಗೆ ಬಳಸುವ ೨.೫ ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಮೂರು ಮೀಟರು ಉದ್ದಕ್ಕೆ ಎರಡೆಳೆಯಾಗಿ ಎಳೆದರೆ ಅದರ ರೋಧ ಸುಮಾರು ೦.೦೪ ಓಮ್ ಆಗುತ್ತದೆ. ೧೫೦ನ್ನು ೦.೦೪ರಿಂದ ಗುಣಿಸಿದರೆ ೬ ವೋಲ್ಟ್. ಎಂದರೆ ಹನ್ನೆರಡರಲ್ಲಿ ಅರ್ಧ ತಂತಿಯಲ್ಲೇ ಕಳೆದುಹೋಯಿತು! ಅದು ಎಲ್ಲಿಗೂ ಹೋಗಿಲ್ಲ. ೯೦೦ ವಾಟ್‌ಗಳಷ್ಟು ಶಾಖವಾಗಿ ತಂತಿಯ ಹೊದಿಕೆಯನ್ನು ಕರಗಿಸುತ್ತಿದೆ. ತಂತಿಯು ಹತ್ತುಪಟ್ಟು ದಪ್ಪವಾಗಿ ೨೫ ಚದರ ಮಿಲಿಮೀಟರಿನದಾಗಿದ್ದರೆ ನಷ್ಟ ೦.೬ ವೋಲ್ಟ್ ಮಾತ್ರ. ಈ ಕೆಲಸಕ್ಕೆಂದೇ ತಯಾರಾದ, ತುದಿಗಳಲ್ಲಿ ಇಕ್ಕಳದಂಥ ಕ್ಲಿಪ್ಪುಗಳಿರುವ ಕೆಂಪು ಮತ್ತು ಕಪ್ಪು ತಂತಿಗಳನ್ನೇ ಬಳಸಬೇಕೆನ್ನುವುದು ಇದಕ್ಕಾಗಿ. ಅಗ್ಗಕ್ಕೆ ದೊರೆಯುವ ಕೆಲವು ತಂತಿಗಳಲ್ಲಿ ರಬ್ಬರು ದಪ್ಪ, ಒಳಗಿನ ಲೋಹ ಸಣಕಲು. ಹೊರಗಿನ ಗಾತ್ರಕ್ಕೆ ಮರುಳಾಗಬಾರದು.

ಎರಡು ಕಾರುಗಳನ್ನೂ ತಂತಿ ಎಟುಕುವಷ್ಟು ಹತ್ತಿರ, ಆದರೆ ಒಂದನ್ನೊಂದು ಮುಟ್ಟದಂತೆ ನಿಲ್ಲಿಸಬೇಕು. ಎರಡರ ಎಂಜಿನ್ನು, ದೀಪ, ರೇಡಿಯೊಗಳನ್ನು ನಿಲ್ಲಿಸಿ, ಗೇರನ್ನು ನ್ಯೂಟ್ರಲಿಗೆ ತಂದು (ಸ್ವಯಂಚಾಲಿತವಾದರೆ ಪಾರ್ಕಿನಲ್ಲಿರಿಸಿ) ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಕೈಯ ಉಂಗುರ, ಬಳೆ, ಲೋಹದ ಪಟ್ಟಿಯ ಗಡಿಯಾರಗಳನ್ನು ಕಳಚಿಡುವುದು ಅಗತ್ಯ. ೧೨ ವೋಲ್ಟಿನಿಂದ ಮನುಷ್ಯನಿಗೆ ವಿದ್ಯುದಾಘಾತವಾಗುವುದಿಲ್ಲವೆಂಬುದು ನಿಜ; ಆದರೆ ಉಂಗುರವೊಂದು ಧನಧ್ರುವಕ್ಕೂ ಕಾರಿನ ಮೈಗೂ ನಡುವೆ ಸಿಲುಕಿದರೆ ಕ್ಷಣಾರ್ಧದಲ್ಲಿ ಕೆಂಪಗೆ ಕಾಯ್ದು ಬೆರಳನ್ನು ಸುಡುತ್ತದೆ. ಶಾಲು, ಸೆರಗು, ಲುಂಗಿಯ ಅಂಚುಗಳು ಎಂಜಿನ್ನಿನ ಬೀಸಣಿಗೆಗೆ ಸಿಕ್ಕದಂತೆ ಬಿಗಿದುಕೊಳ್ಳಬೇಕು. ಬೀಡಿ, ಸಿಗರೇಟುಗಳು ಹತ್ತಿರ ಸುಳಿಯಕೂಡದು. ಕಣ್ಣಿಗೆ ರಕ್ಷಣೆಯ ಕನ್ನಡಕವಿದ್ದರೆ ಒಳ್ಳೆಯದು. ಮಳೆಯೆಂದು ಕಾರನ್ನು ಷೆಡ್ಡಿನೊಳಗಿರಿಸಿ ಬಾಗಿಲು ಮುಚ್ಚಿ ಈ ಕೆಲಸ ಮಾಡುವುದು ಸರ್ವಥಾ ಸಲ್ಲದು. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಉಸಿರಾಡಿದವರನ್ನು ಸದ್ದಿಲ್ಲದೆ ಕೊಲ್ಲುತ್ತದೆ.

ಈಗ ತಂತಿಗಳ ಅನುಕ್ರಮ. ಕೆಂಪು ತಂತಿಯ ಒಂದು ತುದಿಯನ್ನು ಬರಿದಾದ ಬ್ಯಾಟರಿಯ ಧನಧ್ರುವಕ್ಕೂ ಇನ್ನೊಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಧನಧ್ರುವಕ್ಕೂ ಕಚ್ಚಿಸಬೇಕು. ಬಳಿಕ ಕಪ್ಪು ತಂತಿಯ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಋಣಧ್ರುವಕ್ಕೆ ಕಚ್ಚಿಸಬೇಕು. ಉಳಿದ ನಾಲ್ಕನೆಯ ತುದಿಯನ್ನು ಬರಿದಾದ ಬ್ಯಾಟರಿಯ ಋಣಧ್ರುವಕ್ಕೆ ತೊಡಿಸಬೇಕೆಂದು ಯಾರಿಗಾದರೂ ತೋರುವುದು ಸಹಜ. ಹಾಗೆ ಮಾಡಬಾರದು. ಅದನ್ನು ಆ ಕಾರಿನ ಎಂಜಿನ್ನಿನ ಬಣ್ಣ ಬಳಿಯದ, ಗಟ್ಟಿಯಾದ ಲೋಹಭಾಗವೊಂದಕ್ಕೆ, ಬ್ಯಾಟರಿಯಿಂದ ಆದಷ್ಟು ದೂರದಲ್ಲಿ ಕಚ್ಚಿಸಬೇಕು.

ಕಾರಣವನ್ನು ವಿಚಾರಿಸೋಣ. ಇಂದಿನ ಕಾರುಗಳಲ್ಲಿ ಬ್ಯಾಟರಿಯ ಋಣಧ್ರುವವು ಕಾರಿನ ಲೋಹದ ಮೈಗೂ ಎಂಜಿನ್ನಿಗೂ ಜೋಡಿಸಲ್ಪಟ್ಟಿರುತ್ತದೆ. ಆದುದರಿಂದ ಎಂಜಿನ್ನಿನ ಲೋಹವನ್ನು ಮುಟ್ಟಿದರೂ ಋಣಧ್ರುವವನ್ನು ಮುಟ್ಟಿದಂತೆಯೇ. ಮೊದಲ ಮೂರು ತುದಿಗಳನ್ನು ತೊಡಿಸುವಾಗ ವಿದ್ಯುನ್ಮಂಡಲವು ಪೂರ್ಣವಾಗಿರುವುದಿಲ್ಲ; ಕಿಡಿಯೂ ಏಳುವುದಿಲ್ಲ. ನಾಲ್ಕನೆಯ ತುದಿ ತಾಗಿದೊಡನೆ ಮಂಡಲ ಪೂರ್ಣವಾಗಿ ಪ್ರವಾಹ ಹರಿಯತೊಡಗುತ್ತದೆ. ಕಿಡಿ ಹಾರುವುದು ಆಗಲೇ. ಅದನ್ನು ತಪ್ಪಿಸುವಂತಿಲ್ಲ, ಎಲ್ಲಿ ಹಾರಬೇಕೆಂಬುದನ್ನು ಮಾತ್ರ ಆರಿಸಬಹುದು. ಜಲಜನಕವು ಕೂಡಿರಬಹುದಾದ ಬ್ಯಾಟರಿಯ ನೆತ್ತಿಯ ಬದಲು ದೂರದ ಲೋಹದ ಮೇಲೆ ಅದು ಹಾರಲಿ ಎಂಬುದೇ ಈ ಕಟ್ಟಳೆಯ ಮರ್ಮ. ಕೆಂಪು ತಂತಿಯನ್ನು ಮೊದಲು ತೊಡಿಸುವುದಕ್ಕೂ ಇಂಥದೇ ಕಾರಣವುಂಟು. ಕಪ್ಪು ತಂತಿಯಿಂದ ಎರಡು ಕಾರುಗಳ ಮೈಗಳನ್ನು ಮೊದಲೇ ಒಂದುಗೂಡಿಸಿದ್ದರೆ, ಆಮೇಲೆ ಕೈಯಲ್ಲಿರುವ ಕೆಂಪು ಕ್ಲಿಪ್ಪು ಜಾರಿ ಯಾವ ಲೋಹಕ್ಕೆ ತಾಗಿದರೂ ನೇರ ಶಾರ್ಟ್ ಸರ್ಕಿಟ್ ಆಗುತ್ತದೆ.

ಇನ್ನು ಧನಕ್ಕೆ ಋಣ, ಋಣಕ್ಕೆ ಧನ ಎಂದು ಅದಲುಬದಲಾದರೆ ಎರಡು ಬ್ಯಾಟರಿಗಳ ಒತ್ತಡವೂ ಕೂಡಿಕೊಂಡು, ತಡೆಯೇ ಇಲ್ಲದಂಥ ಮಂಡಲದಲ್ಲಿ ನೂರಾರು ಆಂಪಿಯರ್ ಹರಿಯುತ್ತದೆ. ತಂತಿ ಕರಗುವುದು, ಆಲ್ಟರ್ನೇಟರ್ ಕೆಡುವುದು, ಬ್ಯಾಟರಿ ಸಿಡಿಯುವುದು ಇವೆಲ್ಲ ಆಗ ಸಂಭಾವ್ಯ. ಮುಂಜಾವಿನ ಮಬ್ಬಿನಲ್ಲಿ ಬಣ್ಣವನ್ನಷ್ಟೇ ನಂಬದೆ, ಧೂಳೊರೆಸಿ ‘+’ ಮತ್ತು ‘-’ ಗುರುತುಗಳನ್ನು ಕಣ್ಣಾರೆ ನೋಡಿಯೇ ಕೈಹಾಕಬೇಕು. ಹಿಂದಿನ ಶತಮಾನದ ಕೆಲವು ಹಳೆಯ ಇಂಗ್ಲಿಷ್ ಮಾದರಿಯ ಕಾರುಗಳಲ್ಲಿ ಧನಧ್ರುವವನ್ನೇ ಮೈಗೆ ಜೋಡಿಸುತ್ತಿದ್ದರೆಂಬುದೂ ನೆನಪಿನಲ್ಲಿರಲಿ. ಹವ್ಯಾಸಿಗಳ ಮನೆಗಳಲ್ಲಿ ಅಂಥವು ಇನ್ನೂ ಇವೆ.

ತಂತಿಗಳು ಭದ್ರವಾದ ಮೇಲೆ ನೆರವಿನ ಕಾರಿನ ಎಂಜಿನ್ನನ್ನು ನಡೆಯಿಸಿ ಐದು ನಿಮಿಷ ಕಾಯಬೇಕು. ಈ ಅವಧಿಯಲ್ಲಿ ಬರಿದಾದ ಬ್ಯಾಟರಿಯೂ ಕೊಂಚ ಚೇತರಿಸಿಕೊಳ್ಳುವುದರಿಂದ ತಂತಿಗಳ ಮೇಲಿನ ಹೊರೆ ಇಳಿಯುತ್ತದೆ. ಮನೆಯವರು ಅತ್ಯಂತ ಅಸಹನೆಯಿಂದ ಕಳೆಯುವ ಐದು ನಿಮಿಷಗಳಿವು. ಬಳಿಕ ನಿಂತ ಕಾರಿನ ಕೀಲಿಯನ್ನು ತಿರುಗಿಸಬೇಕು. ಐದಾರು ಸೆಕೆಂಡಿಗಿಂತ ಹೆಚ್ಚು ಹೊತ್ತು ಸ್ಟಾರ್ಟರನ್ನು ಪೀಡಿಸದೆ, ಏಳದಿದ್ದರೆ ಒಂದೆರಡು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಬೇಕು. ಮೂರು ನಾಲ್ಕು ಸಲಕ್ಕೂ ಏಳದಿದ್ದರೆ ಮೆಕ್ಯಾನಿಕ್ಕನನ್ನು ಕರೆಯುವುದೇ ದಾರಿ. ಎದ್ದಿತೋ, ತೊಡಿಸಿದ ಕ್ರಮಕ್ಕೆ ತೀರ ವಿರುದ್ಧವಾಗಿ ತಂತಿಗಳನ್ನು ತೆಗೆಯಬೇಕು: ಮೊದಲು ಎಂಜಿನ್ನಿನ ಲೋಹಕ್ಕೆ ಕಚ್ಚಿಸಿದ ಕಪ್ಪು ತುದಿ, ಕೊನೆಗೆ ಚೇತರಿಸಿಕೊಂಡ ಬ್ಯಾಟರಿಯ ಕೆಂಪು ತುದಿ. ಮಂಡಲ ಕಡಿಯುವಾಗಲೂ ಕಿಡಿಯುಂಟು. ಅದೂ ದೂರದಲ್ಲಿಯೇ ಹಾರಬೇಕು. ಕೆಲವು ಕಾರುಗಳಲ್ಲಿ ಬ್ಯಾಟರಿಯು ಡಿಕ್ಕಿಯಲ್ಲಿಯೋ ಆಸನದ ಕೆಳಗೋ ಅಡಗಿದ್ದು, ಈ ಕೆಲಸಕ್ಕೆ ಬಾನೆಟ್ಟಿನ ಕೆಳಗೆ ಬೇರೆ ಕೊಂಡಿಗಳಿರುತ್ತವೆ. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಲ್ಲಿ ನೂರಾರು ವೋಲ್ಟಿನ ಕಿತ್ತಳೆಬಣ್ಣದ ತಂತಿಗಳಿರುತ್ತವೆ. ಅವನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಇಂಥ ವಾಹನಗಳ ವಿಷಯದಲ್ಲಿ ಕಾರಿನ ಕೈಪಿಡಿ ಹೇಳಿದ್ದೇ ಅಂತಿಮ.

ಆಮ್ಲವು ಮೈಗೆ ಅಥವಾ ಕಣ್ಣಿಗೆ ಸಿಡಿದರೆ ಕೂಡಲೇ ಧಾರಾಳವಾದ ತಣ್ಣೀರಿನಿಂದ ಕನಿಷ್ಠ ಹದಿನೈದು ನಿಮಿಷ ತೊಳೆಯುತ್ತಲೇ ಇರಬೇಕು. ಕಣ್ಣಾದರೆ ತೊಳೆದ ಬಳಿಕ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಆದುದರಿಂದ ಒಂದು ಕೊಡ ನೀರನ್ನು ಮೊದಲೇ ಪಕ್ಕದಲ್ಲಿರಿಸಿಕೊಳ್ಳುವುದು ಬುದ್ಧಿವಂತಿಕೆ.

ಇಂಥ ಅವಸರಗಳು ಹೆಚ್ಚಾಗಿ ಬರುವುದು ಹೊರಡಲೇಬೇಕಾದ ಗಳಿಗೆಯಲ್ಲಿ. ಆದಿ ಉಡುಪಿಯಿಂದ ಮಣಿಪಾಲದ ಆಸ್ಪತ್ರೆಗೆ ಏಳೆಂಟು ಕಿಲೋಮೀಟರು. ನಸುಕಿನಲ್ಲಿ ಮನೆಯ ಅಜ್ಜನಿಗೆ ಎದೆನೋವು ಕಾಣಿಸಿದೆ, ಹೊರಗೆ ಧೋ ಎಂದು ಮಳೆ, ಕಾರು ಏಳುತ್ತಿಲ್ಲ. ಆ ಹೊತ್ತು ತಂತಿ ಹುಡುಕುವ ಹೊತ್ತಲ್ಲ. ೧೦೮ಕ್ಕೆ ಕರೆಮಾಡಿ ಆಂಬುಲೆನ್ಸನ್ನು ಕರೆಯಿಸಬೇಕು, ಇಲ್ಲವೆ ತಂತಿ ಕೇಳಬೇಕೆಂದಿದ್ದ ನೆರೆಯವರ ಕಾರಿನಲ್ಲಿಯೇ ರೋಗಿಯನ್ನು ಕರೆದೊಯ್ಯಬೇಕು. ನಡುಗುವ ಕೈಗಳಿಂದ ಕತ್ತಲಲ್ಲಿ ಧನ-ಋಣಗಳನ್ನು ಅರಸುವವರೇ ಹೆಚ್ಚು ತಪ್ಪುವವರು. ಅಜ್ಜನನ್ನು ಆಸ್ಪತ್ರೆಗೆ ಸೇರಿಸಿ ಬಂದಮೇಲೆ, ಬೆಳಕಿನಲ್ಲಿ ಕಾರನ್ನು ಎಬ್ಬಿಸಲು ಸಮಯ ಬೇಕಾದಷ್ಟಿರುತ್ತದೆ.

ಎದ್ದ ಕಾರನ್ನು ಕೂಡಲೇ ನಿಲ್ಲಿಸಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಅರ್ಧಗಂಟೆಗೆ ಕಡಮೆಯಿಲ್ಲದಂತೆ ಹೆದ್ದಾರಿಯಲ್ಲಿ ಕಾಪುವಿನ ಕಡೆಗೆ ಹೋಗಿಬಂದರೆ ಮರುದಿನ ಏಳುವಷ್ಟು ಶಕ್ತಿ ಕೂಡೀತು. ಹಾಗಾದರೂ ಬ್ಯಾಟರಿ ಪೂರ್ತಿ ತುಂಬಿತೆಂದು ತಿಳಿಯಬಾರದು. ೪೫ ಆಂಪಿಯರ್-ಗಂಟೆಯ ಬ್ಯಾಟರಿಗೆ ಚಾರ್ಜರಿನಿಂದ ೪ ಅಥವಾ ೫ ಆಂಪಿಯರ್ ಹರಿಸಿದರೆ ಹತ್ತು ಗಂಟೆಗೂ ಮಿಕ್ಕಿ ಕಾಲ ಹಿಡಿಯುತ್ತದೆ. ಬ್ಯಾಟರಿಯ ಅಂಗಡಿಗಳಲ್ಲಿ ಈ ಕೆಲಸ ಮಾಡಿಕೊಡುತ್ತಾರೆ. ಫಲಕಗಳು ಇನ್ನೂ ಬಾಳುತ್ತವೆಯೇ ಎಂದು ಪರೀಕ್ಷಿಸಿಯೂ ಹೇಳುತ್ತಾರೆ. ಪದೇ ಪದೇ ಎರವಲು ಕೇಳುವ ಬ್ಯಾಟರಿಯನ್ನು ಬದಲಿಸುವುದೇ ಮೇಲು.

ಬದಲಿಸಿದ ಹಳೆಯದನ್ನು ಏನು ಮಾಡಬೇಕು? ಸೀಸವು ವಿಷ; ಅದರಲ್ಲಿಯೂ ಮಕ್ಕಳ ಮೆದುಳಿಗೆ ಹಾನಿಕರ. ಕರಾವಳಿಯ ಮುರಕಲ್ಲಿನ ನೆಲಕ್ಕೆ ಸುರಿದದ್ದು ಬೇಗ ಕೆಳಗಿಳಿಯುತ್ತದೆ. ಹೆಚ್ಚಿನ ಮನೆಗಳ ಕುಡಿಯುವ ನೀರು ಅಂಗಳದ ಬಾವಿಯದೇ. ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆ ತಯಾರಕರದು. ಒಳಗಿನ ಸೀಸಕ್ಕೆ ಬೆಲೆಯಿರುವುದರಿಂದ ಹೊಸತನ್ನು ಕೊಳ್ಳುವಾಗ ಅಂಗಡಿಯವರು ಹಳೆಯದನ್ನು ತೆಗೆದುಕೊಂಡು ಬೆಲೆಯಲ್ಲಿ ಒಂದಿಷ್ಟು ವಜಾಮಾಡುತ್ತಾರೆ. ಅಲ್ಲಿಗೆ ಕೊಂಡೊಯ್ಯುವಾಗಲೂ ಅದನ್ನು ಓರೆಮಾಡದೆ ನೆಟ್ಟಗೆ ಇರಿಸಿ, ಎರಡು ಧ್ರುವಗಳಿಗೂ ಒಂದೊಂದು ರಬ್ಬರಿನ ಟೊಪ್ಪಿ ಹಾಕಿರಬೇಕು.